ನಿದ್ದೆಗಾಡಿಯ ಹಾಡು

ಕೆಫ್
10 ನವೆಂಬರ್, ಭಾನುವಾರ

ಪ್ರೀತಿಯ ರೌಧಾ,

ನಿನಗೂ, ನೀನು ನೋಡಿಕೊಳ್ಳುತ್ತಿರುವ ಆ ಅಸುಂತಾ ಅಜ್ಜಿಗೂ ನನ್ನ ಸಲಾಮು. ಅವರ ಸೊಂಟ ಈಗ ಹೇಗಿದೆ? ನಿನ್ನ ಪತ್ರ ಬಂದು ಬಹಳ ದಿನವಾಯಿತು. ನಾಳೆ ಬರೆಯುತ್ತೇನೆ, ನಾಡಿದ್ದು ಬರೆಯುತ್ತೇನೆ ಅಂತ ದಿನ ತಳ್ಳಿದೆ. ಬೇಸರ ಮಾಡಿಕೊಳ್ಳಬೇಡ. ಸ್ಟೀರಿಂಗ್ ಹಿಡಿದು ಹಿಡಿದು ಗಟ್ಟಿಯಾದ ಕೈ ಇದು, ಪೆನ್ನು ಹಿಡಿದರೆ ಸೂಜಿ ಹಿಡಿದಂತಾಗುತ್ತದೆ. ಆದರೆ ಫೋನಿನಲ್ಲಿ ಮಾತಿಗೆ ಕೂತರೆ ನಮ್ಮದು ಜಗಳದಲ್ಲೇ ಮುಗಿಯುತ್ತದೆ. "ಇನ್ಮೇಲೆ ಬರೀರಿ, ಓದ್ತೀನಿ. ಬರೆಯೋವಾಗ ಮನುಷ್ಯನಿಗೆ ಕೂಗಾಡೋಕಾಗಲ್ಲ" ಎಂದು ನೀನು ಹೇಳಿದ್ದು ಸರಿಯೇ.

ಮೊದಲು ಮನೆಯ ಸುದ್ದಿ. ರಹ್ಮಾ ಚೆನ್ನಾಗಿದ್ದಾಳೆ. ಪರೀಕ್ಷೆಯ ವರ್ಷವಲ್ಲವೇ, ಪುಸ್ತಕ ಬಿಟ್ಟು ತಲೆ ಎತ್ತುವುದಿಲ್ಲ; ಎತ್ತಿದರೆ ನನ್ನನ್ನು ಬೈಯುವುದಕ್ಕೆ. ಮಾಳಿಗೆಗೆ ಟಾರು ಬಳಿಸಿದೆ, ಈ ಸಲದ ಮಳೆಗೆ ಅಡುಗೆಮನೆ ಸೋರಲಿಲ್ಲ. ನಿಮ್ಮಮ್ಮ ಮಂಡಿನೋವಿನಲ್ಲೂ ಆಲಿವ್ ಕೀಳಲು ಹೊರಟಿದ್ದರು, ಗದರಿಸಿ ಕೂರಿಸಿದೆ. ಅವರು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತು, ಕೀಳುವವರನ್ನೆಲ್ಲ ಬೈದರು. ಕೆಲಸ ಬೇಗ ಮುಗಿಯಿತು.

ಇನ್ನು ನನ್ನ ಸುದ್ದಿ. ಅದು ನಿನಗೆ ಆಗಲೇ ಮುಟ್ಟಿದೆ ಎಂದು ಗೊತ್ತು. "ಭಾವನಿಗೆ ತಲೆ ಕೆಟ್ಟಿದೆ, ಗಾಡೀಲಿ ಜೋಗುಳ ಹಾಕ್ಕೊಂಡು ಓಡಿಸ್ತಾನೆ, ಜನ ಹತ್ತೋಕೆ ಹೆದರ್ತಾರೆ" ಎಂದು ನಿನ್ನ ತಮ್ಮ ಖಮೈಸ್ ನಿನಗೆ ಫೋನು ಮಾಡಿದನಂತೆ. ಅವನ ಬಾಯಿಂದ ಕೇಳಿದ್ದನ್ನು ಅರ್ಧಕ್ಕೆ ಇಳಿಸಿಕೋ. ಉಳಿದ ಅರ್ಧವನ್ನು ನಾನೇ ಹೇಳುತ್ತೇನೆ.

ಇದು ಶುರುವಾದದ್ದು ಆಗಸ್ಟ್ ಕೊನೆಯಲ್ಲಿ. ಆವತ್ತು ಬೆಳಿಗ್ಗೆ ಟ್ಯೂನಿಸ್‌ಗೆ ನನ್ನದೇ ಮೊದಲ ಗಾಡಿ. ಎಂಟು ಜನ ತುಂಬದೆ ಲುವಾಜ್ ವ್ಯಾನು ಹೊರಡುವ ಹಾಗಿಲ್ಲವಲ್ಲ, ತುಂಬುವಷ್ಟರಲ್ಲಿ ಎಲ್ಲರ ತಲೆ ಕಾದಿತ್ತು. ಊರು ದಾಟುವ ಮೊದಲೇ ಹಾಡಿನ ಜಗಳ ಶುರು. ಹಿಂದಿನ ಸೀಟಿನ ಹುಡುಗರಿಗೆ ಮದುವೆಮನೆಯ ಚೀಲವಾದ್ಯದ ಹಾಡು ಬೇಕು, ಅದೂ ಕಿಟಕಿ ನಡುಗುವ ಹಾಗೆ. ನಡುವೆ ಕೂತ ಗಡ್ಡದವರಿಗೆ ಕುರಾನ್ ಪಠಣ ಬೇಕು. ಇನ್ನೊಬ್ಬನಿಗೆ ಫುಟ್‌ಬಾಲಿನ ಮಾತು. ಒಬ್ಬರು ಹಾಕಿಸಿದರೆ ಇನ್ನೊಬ್ಬರು ತೆಗೆಸುವುದು. "ಹಾಳಾಗಿ ಹೋಗ್ರಪ್ಪ ಎಲ್ಲಾರೂ" ಎಂದು ಪೂರ್ತಿ ಆರಿಸಿಬಿಟ್ಟೆ.

ಮುಂದಿನ ಸೀಟಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡಂತೆ ಊದ್ ವಾದ್ಯದ ಚೀಲ ಇಟ್ಟುಕೊಂಡಿದ್ದಳು. ಸಿವಾರ್ ಮೆಜ್ರಿ ಅಂತ. ನಮ್ಮ ಮಾರುಕಟ್ಟೆಯ ಔಷಧದಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ನೀನು ನೋಡಿರಬೇಕು, ಮಾತ್ರೆ ಕೊಡುವಾಗಲೂ ಪಿಸುಮಾತಿನಲ್ಲೇ ಹೇಳುವವಳು.

"ಮಾಮ, ನಾನೊಂದು ಹಾಕ್ಲಾ?" ಅಂದಳು. "ಯಾರಿಗಾದ್ರೂ ಬೇಡ ಅನಿಸಿದ್ರೆ ಕ್ರೀಬ್ ಬರೋದ್ರೊಳಗೆ ತೆಗೆದುಬಿಡ್ತೀನಿ."

"ಹಾಕಮ್ಮ, ನಿಂದೊಂದು ಬಾಕಿ ಇತ್ತು" ಅಂದೆ.

ಪೆನ್‌ಡ್ರೈವ್ ಸಿಕ್ಕಿಸಿದಳು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ, ಕೆಟ್ಟಿದೆ ಎಂದುಕೊಂಡೆ. ಆಮೇಲೆ ಒಂದು ತಂತಿ ಮಿಡಿಯಿತು. ಅದು ಪೂರ್ತಿ ಆರಿಹೋಗುವವರೆಗೆ ನುಡಿಸುವವನು ಕಾದ. ಮತ್ತೊಂದು ಮಿಡಿಯಿತು, ಮತ್ತೆ ಕಾದ. ಯಾವ ಅವಸರವೂ ಇಲ್ಲ. ಹಿಂದೆಲ್ಲೋ ಪಾರಿವಾಳಗಳ ಸದ್ದು. ನಡುವೆ ಯಾರೋ ಒಮ್ಮೆ ಕೆಮ್ಮಿದ, ಅದೂ ಹಾಡಿನೊಳಗೇ ಉಳಿದುಕೊಂಡಿತ್ತು. ಬಹಳ ಹೊತ್ತಾದ ಮೇಲೆ ಒಂದು ಗಂಡಸಿನ ದನಿ ಬಂತು. ಹಾಡುವ ದನಿಯಲ್ಲ, ಬಾಗಿಲ ಹೊರಗೆ ನಿಂತು, ಒಳಗೆ ಮಲಗಿದವರಿಗೆ ಎಚ್ಚರವಾಗಬಾರದು ಎಂದು ಮಾತಾಡುತ್ತೇವಲ್ಲ, ಆ ದನಿ.

ಹಿಂದಿನಿಂದ ಹಜ್ಜಾ ಮಬ್ರೂಕಾ, ವಾರವಾರ ಮಗಳ ಮನೆಗೆ ಮೊಟ್ಟೆ ಹೊತ್ತು ಹೋಗುವ ನಮ್ಮ ಮುದುಕಿ, ಕೇಳಿದಳು: "ಹಾಡು ಹಾಕಿದೀಯೇನೋ ಮಗಾ? ನಾನು ಯಾರೋ ಪಕ್ಕದ್ಮನೇಲಿ ತಮ್ಮ ಪಾಡಿಗೆ ಗುನುಗ್ತಿದಾರೆ ಅಂದ್ಕೊಂಡೆ."

"ಪಕ್ಕದ್ಮನೆ ಎಲ್ಲಿಂದ ಬಂತು ಹಜ್ಜಾ, ರಸ್ತೆ ಮೇಲಿದೀವಿ" ಅಂದೆ.

ಕ್ರೀಬ್ ಬಂತು, ದಾಟಿತು. ಯಾರೂ ತೆಗೆಯಲು ಹೇಳಲಿಲ್ಲ. ತೆಸ್ತೂರ್ ಹೊತ್ತಿಗೆ ಹಿಂದಿನ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ಗಡ್ಡದವರು ಕಿಟಕಿಯಾಚೆ ಉತ್ತ ಹೊಲ ನೋಡುತ್ತಾ ಕೂತಿದ್ದರು. ಇಪ್ಪತ್ತು ವರ್ಷದಿಂದ ನಾನು ಆ ರಸ್ತೆಯಲ್ಲಿ ಓಡಾಡುತ್ತಿದ್ದೇನೆ. ಮೆಜಾಝ್ ಹತ್ತಿರ ಅಷ್ಟೊಂದು ಕೊಕ್ಕರೆಗೂಡುಗಳಿವೆ ಎಂದು ಆವತ್ತೇ ಕಂಡದ್ದು.

ಟ್ಯೂನಿಸ್‌ನ ಬಾಬ್ ಸಾದೂನ್ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಅವಳನ್ನು ಕೇಳಿದೆ: "ಯಾರಮ್ಮ ಅದು ಹಾಡಿದ್ದು?"

"ಜೆಂದೂಬಾದಲ್ಲಿ ಮುಖ್ತಾರ್ ಅಂತ ಇದಾರೆ ಮಾಮ. ಪೋಸ್ಟ್‌ಮ್ಯಾನ್ ಆಗಿದ್ರು. ಈಗ ನಿವೃತ್ತಿ. ಮಾಳಿಗೆ ಮೇಲೆ ಕೂತು ತಾವೇ ರೆಕಾರ್ಡ್ ಮಾಡ್ತಾರೆ. ಪಾರಿವಾಳ ಅವರದೇ."

"ಟೀವೀಲಿ ಬರ್ತಾರಾ?"

ನಕ್ಕಳು. "ಅವರ ಬೀದೀಲೇ ಗೊತ್ತಿಲ್ಲ ಯಾರಿಗೂ."

"ಇಂಥೋರು ಇನ್ನೂ ಇದಾರಾ?"

"ತುಂಬಾ ಜನ ಇದಾರೆ. ಹುಡುಕ್ಬೇಕು. ಅವರು ಕೂಗಲ್ಲ ನೋಡಿ, ಅದಕ್ಕೇ ಸಿಗಲ್ಲ." ಹಾಗೆಂದು ಪೆನ್‌ಡ್ರೈವನ್ನು ನನ್ನ ಕೈಗೇ ಹಾಕಿ ಹೋದಳು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು, ಖಮೈಸ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಸಂಜೆ ಊಟವಾದ ಮೇಲೆ ರಹ್ಮಾಳನ್ನು ಕಾಡಿಸಿ ಫೋನಿನಲ್ಲಿ ಹುಡುಕಿಸತೊಡಗಿದೆ. ಗಫ್ಸಾದಲ್ಲಿ ಅಕ್ಕತಂಗಿಯರಿಬ್ಬರು ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತು ಹಾಡುತ್ತಾರೆ; ಗೋಡೆಗಳೂ ಅವರ ಜೊತೆ ಹಾಡುತ್ತವೆ. ಸ್ಫಾಕ್ಸ್‌ನವನೊಬ್ಬ ಹಳೆಯ ಪಿಯಾನೋದ ಒಂದೊಂದೇ ಮನೆ ಒತ್ತಿ ಎಷ್ಟು ನಿಧಾನಕ್ಕೆ ನುಡಿಸುತ್ತಾನೆಂದರೆ, ಒಂದು ಹಾಡಿಗೆ ಕ್ರೀಬ್‌ನಿಂದ ತೆಬೂರ್ಸುಕ್ ಬಂದುಬಿಡುತ್ತದೆ. ಇವರಿಗೆಲ್ಲ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ. ತಮಗೆ ಬೇಕು, ಮಾಡಿದರು, ಇಟ್ಟರು. ಒಂದು ಹಾಡನ್ನು ನನಗಿಂತ ಮೊದಲು ಯಾರೂ ಕೇಳಿಯೇ ಇರಲಿಲ್ಲವಂತೆ, ರಹ್ಮಾ ತೋರಿಸಿದಳು. ಆವತ್ತು ನನಗಾದ ಖುಷಿ ಹೇಗೆ ಹೇಳಲಿ? "ಕೆಫ್‌ನಿಂದ ತಿಜಾನಿ, ಕೇಳಿದೆ, ದೇವರು ಒಳ್ಳೆಯದು ಮಾಡಲಿ" ಎಂದು ಕೆಳಗೆ ಬರೆಸಿದೆ.

"ಅಪ್ಪಾ, ನಿಂಗೆ ವಯಸ್ಸು ಹೆಚ್ತಿದೆಯೋ ಇಳೀತಿದೆಯೋ?" ಅಂದಳು ನಿನ್ನ ಮಗಳು.

ಸಿವಾರ್ ಕೊಟ್ಟ ಪೆನ್‌ಡ್ರೈವ್‌ನ ಕೊನೆಯಲ್ಲಿ ಒಂದು ಹೆಂಗಸಿನ ಹಾಡಿತ್ತು. ಹಾಡಿದವರ ಹೆಸರಿರಲಿಲ್ಲ. ಅಜ್ಜಿಯೊಬ್ಬಳು ಜರಡಿ ಹಿಡಿದು ಗೋಧಿ ಜಾಲಿಸುವುದರ ಬಗ್ಗೆ ಒಂದೇ ಸಾಲು. ಅದನ್ನೇ ಮತ್ತೆ ಮತ್ತೆ ಹಾಡುತ್ತಾಳೆ. ಪ್ರತಿ ಸಲ ಒಂದು ಪದ ಬಿಡುತ್ತಾಳೆ, ಬಿಟ್ಟ ಪದದ ಜಾಗದಲ್ಲಿ ತಂತಿ ಮಾತ್ರ ಮಿಡಿಯುತ್ತದೆ. ಕೊನೆಗೆ ಪದವೇ ಉಳಿಯುವುದಿಲ್ಲ, ಆದರೂ ಸಾಲು ಪೂರ್ತಿ ಕೇಳಿಸುತ್ತಿರುತ್ತದೆ. ಸೆಪ್ಟೆಂಬರಿನಲ್ಲಿ ಸಿವಾರ್ ಮತ್ತೆ ನನ್ನ ಗಾಡಿ ಹತ್ತಿದಾಗ ಅದೇ ಹಾಡು ನಡೆಯುತ್ತಿತ್ತು. ಹುಡುಗಿಯ ಮುಖ ಕೆಂಪಾಯಿತು.

"ನಿಂದಾ?" ಅಂದೆ.

"ಸೋದರತ್ತೆ ಮನೇಲಿ ಉಣ್ಣೆ ತುಂಬೋ ಕೋಣೆ ಇದೆ ಮಾಮ, ಅಲ್ಲಿ ಮಾಡಿದ್ದು. ಹೊರಗಿನ ಸದ್ದು ಒಳಗೆ ಬರಲ್ಲ. ಒಳಗಿಂದು ಹೊರಗೆ ಹೋಗಲ್ಲ, ಅತ್ತೆಗೆ ಅದೇ ಸಮಾಧಾನ."

ಇಷ್ಟೇ ಆಗಿದ್ದರೆ ಗಲಾಟೆ ಇರುತ್ತಿರಲಿಲ್ಲ. ಆದರೆ ನಾನು ದಿನಾ ಅದನ್ನೇ ಹಾಕತೊಡಗಿದೆ. ಎಲ್ಲ ಪ್ರಯಾಣಿಕರೂ ಆ ಮೊದಲ ದಿನದವರ ಹಾಗಿರುತ್ತಾರೆಯೇ? "ಯಾರು ಸತ್ತೋದ್ರಣ್ಣ?" ಎಂದು ಒಬ್ಬ. "ಬ್ಯಾಟರಿ ಇಳಿದಿದ್ಯಾ? ತಳ್ಳಬೇಕಾ?" ಎಂದು ಇನ್ನೊಬ್ಬ. "ನಿನ್ನ ಹಾಡೂ ತೆಸ್ತೂರಿನ ಗಡಿಯಾರನೂ ಒಂದೇ ಕಣಯ್ಯ, ಎರಡೂ ಹಿಂದಕ್ಕೆ ಓಡ್ತವೆ" ಎಂದ ಒಬ್ಬ ಮೇಷ್ಟ್ರು. ಅದಕ್ಕೆ ನಾನೂ ನಕ್ಕೆ, ಚೆನ್ನಾಗಿತ್ತು. ಆದರೆ ಹಾಡು ತೆಗೆಯಲಿಲ್ಲ.

ಖಮೈಸ್ ನನ್ನ ಗಾಡಿಯ ಹಿಂದಿನ ಗಾಜಿನ ಧೂಳಿನಲ್ಲಿ ಬೆರಳಿನಿಂದ "ನಿದ್ದೆಗಾಡಿ" ಎಂದು ಬರೆದ. ಅಳಿಸಿದರೆ ಮತ್ತೆ ಬರೆಯುತ್ತಿದ್ದ. ನಿಲ್ದಾಣದ ನಡುವೆ ನಿಂತು ಕೂಗು ಬೇರೆ: "ಟ್ಯೂನಿಸ್, ಟ್ಯೂನಿಸ್! ಎದ್ದು ಹೋಗೋರು ನನ್ನ ಗಾಡಿಗೆ, ಮಲಗಿ ಹೋಗೋರು ಭಾವನ ಗಾಡಿಗೆ!" ಜನ ನಗುತ್ತಿದ್ದರು. ನನ್ನ ಸರದಿ ಬಂದಾಗ ಹತ್ತದೆ ಮುಂದಿನ ಗಾಡಿಗೆ ಕಾಯತೊಡಗಿದರು. ಸಾಲು ಕೆಟ್ಟಿತು, ಚಾಲಕರಲ್ಲಿ ಗೊಣಗಾಟ ಎದ್ದಿತು. ನಿಲ್ದಾಣದ ಹಿರಿಯ ಶೆದ್ಲಿಯವರು ಕರೆದು ಕೂರಿಸಿದರು. ಖಮೈಸನೂ ಬಂದು ಗೋಡೆಗೆ ಒರಗಿ ನಿಂತ.

"ನೋಡು ತಿಜಾನಿ, ನಿನ್ನ ಮೇಲೆ ನಂಗೆ ಕೋಪ ಇಲ್ಲ. ಆದ್ರೆ ಜನಕ್ಕೆ ಬೇಕಾದ್ದು ಹಾಕು. ಇಲ್ಲಾಂದ್ರೆ ಏನೂ ಹಾಕ್ಬೇಡ" ಅಂದರು ಶೆದ್ಲಿ.

"ಹಾಕ್ತೀನಿ ಶೆದ್ಲಿಯವರೇ. ಇದನ್ನೇ ಹಾಕ್ತೀನಿ."

"ಹಾಗಾದ್ರೆ ಸಾಲಿನ ಕೊನೆಗೆ ಹೋಗು. ಎಲ್ಲರೂ ಹೊರಟ ಮೇಲೆ ನಿಂಗೆ ಬೇಕಾದವರನ್ನ ಹತ್ತಿಸ್ಕೋ."

ನಾನು ಬಗ್ಗುತ್ತೇನೆ ಎಂದು ಅವರು ಹಾಗೆ ಹೇಳಿದ್ದು. "ಆಗ್ಲಿ, ಕೊನೆಗೇ ಹೋಗ್ತೀನಿ" ಅಂದೆ. ಖಮೈಸ್ ಗೋಡೆ ಬಿಟ್ಟು ನೆಟ್ಟಗೆ ನಿಂತ. "ಭಾವ, ತಮಾಷೆ ತಮಾಷೆಗೆ ಇರ್ಲಿ, ಹೊಟ್ಟೆ ಮೇಲೆ ಯಾಕೆ ಹೊಡ್ಕೋತೀಯ?" ಅಂದ. ಅವನ ಮನಸ್ಸು ಒಳ್ಳೆಯದು ರೌಧಾ, ಬಾಯಿ ಮಾತ್ರ ಹಾಗೆ. ಮಾರನೆಯ ದಿನದಿಂದ ಗಾಡಿಯನ್ನು ಸಾಲಿನ ಬಾಲಕ್ಕೆ ಹಚ್ಚಿದೆ.

ಕೈ ಸ್ವಲ್ಪ ಬಿಗಿಯಾಯಿತು, ಸುಳ್ಳು ಹೇಳುವುದಿಲ್ಲ. ಕೆಲವು ದಿನ ಒಂದೇ ಬಾರಿ ಹೋಗಿಬಂದದ್ದೂ ಉಂಟು. ಆದರೆ ಅಕ್ಟೋಬರಿನಲ್ಲಿ ಒಂದು ವಿಚಿತ್ರ ನೋಡಿದೆ. ಆಸ್ಪತ್ರೆಯ ಪಾಳಿ ಮುಗಿಸಿ ಊರಿಗೆ ಹೊರಟ ನರ್ಸ್ ಒಬ್ಬಳು ಮುಂದಿನ ಗಾಡಿಗಳನ್ನೆಲ್ಲ ಬಿಟ್ಟು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ, ಚಿಕಿತ್ಸೆಗೆಂದು ಆಗಾಗ ಟ್ಯೂನಿಸ್‌ಗೆ ಹೋಗುವ ಬಡಗಿ. ಜೋರು ಸದ್ದಿಗೆ ಅವನಿಗೆ ವಾಂತಿ ಬರುತ್ತದಂತೆ. ಹಜ್ಜಾ ಮಬ್ರೂಕಾಳಂತೂ ಮೊಟ್ಟೆಬುಟ್ಟಿ ಇಟ್ಟುಕೊಂಡು ಶೆದ್ಲಿಯವರನ್ನೇ ಗದರಿಸುತ್ತಿದ್ದಳು: "ನಿದ್ದೆಗಾಡಿ ಎಲ್ಲಯ್ಯ? ಮುಂದಕ್ಕೆ ಕರಿ ಅದನ್ನ. ನಾನೇನು ಇಲ್ಲೇ ಮಗ್ಗಲು ಹಾಕ್ಲಾ?" ಖಮೈಸ್ ಇಟ್ಟ ಅಡ್ಡಹೆಸರೇ ನನಗೆ ಬೋರ್ಡ್ ಆಯಿತು.

ಇಲ್ಲಿ ಸ್ವಲ್ಪ ನಿಲ್ಲಿಸಿದ್ದೆ. ರಹ್ಮಾ ಬಂದು ಪಟ್ಟು ಹಿಡಿದು ಕೂರಿಸಿ ಊಟ ಹಾಕಿದಳು. ಅವಳ ಮೊಲೋಖಿಯಾ ಇನ್ನೂ ನಿನ್ನದರ ಹತ್ತಿರ ಬಂದಿಲ್ಲ, ಆದರೆ ಹಾಗೆಂದು ಅವಳಿಗೆ ಬರೆಯಬೇಡ.

ಕಳೆದ ತಿಂಗಳು ಡೀಸೆಲ್ ಲಾರಿಯವರ ಮುಷ್ಕರವಾಯಿತು. ಊರಿನ ಬಂಕುಗಳಲ್ಲಿ ಹನಿ ಇಲ್ಲ. ಒಂದು ಮಧ್ಯಾಹ್ನ ನಿಲ್ದಾಣದ ಎಲ್ಲ ಗಾಡಿಗಳೂ ನಿಂತುಹೋದವು. ಸಂಜೆಯೊಳಗೆ ಟ್ಯಾಂಕರ್ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಜನ ಮನೆಗೂ ಹೋಗದೆ, ಮೂಟೆಗಳ ಮೇಲೆ ಕೂತು ಶಪಿಸುತ್ತಿದ್ದರು. ಆ ಗುಂಪಿನಲ್ಲಿ ಸಿವಾರ್ ಇದ್ದಳು. ಊದ್ ಚೀಲ ನೆಲದ ಮೇಲಿತ್ತು. ಅವಳು ಅದನ್ನು ನೆಲಕ್ಕಿಟ್ಟದ್ದನ್ನು ನಾನು ಮೊದಲ ಸಲ ನೋಡಿದ್ದು.

"ಟ್ಯೂನಿಸ್‌ಗಾ ಮಗಳೇ?"

"ಹೂಂ ಮಾಮ. ಇದನ್ನ ಅಲ್ಲಿ ಗೆಳತಿಗೆ ಕೊಟ್ಟುಬಿಟ್ಟು ಬರ್ತೀನಿ."

"ಕೊಟ್ಟುಬಿಟ್ಟು ಅಂದ್ರೆ?"

ಅವಳು ತಲೆ ಎತ್ತಲಿಲ್ಲ. ವಾರದ ಹಿಂದೆ ರಾಜಧಾನಿಯ ಒಂದು ಕಾಫಿ ಅಂಗಡಿಯಲ್ಲಿ ಹಾಡಲು ಕರೆದಿದ್ದರಂತೆ. ಒಂದೂವರೆ ಹಾಡು ಆಗುವಷ್ಟರಲ್ಲಿ ಮಾಲೀಕ ಬಂದು, ಇಷ್ಟು ಮೆಲ್ಲಗೆ ಹಾಡಿದರೆ ಗಿರಾಕಿಗಳು ಎದ್ದುಹೋಗುತ್ತಾರೆ ಎಂದು ತಂತಿಯ ಮೇಲೆ ಕೈ ಇಟ್ಟನಂತೆ. ಕೈ ಇಟ್ಟನಂತೆ ರೌಧಾ, ಅವಳು ನುಡಿಸುತ್ತಿರುವಾಗಲೇ.

"ಕೂಗೋಕೆ ನಂಗೆ ಬರಲ್ಲ ಮಾಮ. ಕೂಗದೇ ಇದ್ರೆ ಯಾರಿಗೂ ಬೇಡ. ಸಾಕು, ಔಷಧಿ ಅಂಗಡಿ ಇದೆಯಲ್ಲ."

ನಾನು ಸುತ್ತ ನೋಡಿದೆ. ಇಪ್ಪತ್ತು ವರ್ಷದಲ್ಲಿ ಆ ನಿಲ್ದಾಣದಲ್ಲಿ ಎಲ್ಲ ಎಂಜಿನ್ ಒಟ್ಟಿಗೆ ಆರಿದ್ದನ್ನು ಕಂಡಿರಲಿಲ್ಲ. ಹಾರ್ನ್ ಇಲ್ಲ, ಕೂಗು ಇಲ್ಲ. ಲಬ್ಲಾಬಿ ಮಾರುವವನು ಬಟ್ಟಲಿಗೆ ಕಡಲೆ ಸಾರು ಸುರಿಯುವುದು ಅಷ್ಟು ದೂರದಿಂದ ಕೇಳುತ್ತಿತ್ತು.

"ಕೊಡೋದು ಕೊಡು, ಬೇಡ ಅನ್ನಲ್ಲ. ಟ್ಯಾಂಕರ್ ಬರೋವರೆಗೆ ನಿನ್ನ ಕೈಲೇ ಇದೆಯಲ್ಲ? ಇಲ್ಲಿ ಹಾಡು" ಅಂದೆ.

"ಇಲ್ಲೇನಾ? ಮಾಮ, ನಿಮಗೆ ನಿಜವಾಗ್ಲೂ ಹುಚ್ಚು!"

"ಊರೆಲ್ಲ ಅದನ್ನೇ ಹೇಳ್ತಿದೆ. ಹತ್ತು."

ಗಾಡಿಯ ಜಾರುಬಾಗಿಲು ಪೂರ್ತಿ ತೆರೆದು, ಮೆಟ್ಟಿಲ ಮೇಲೆ ನನ್ನ ಕೋಟು ಮಡಿಸಿ ಹಾಕಿದೆ. ಅವಳು ಕೂತಳು, ಬಹಳ ಹೊತ್ತು ತಂತಿ ಬಿಗಿಸುವ ನೆಪ ಮಾಡಿದಳು. ಆಮೇಲೆ ಆ ಜರಡಿಯ ಹಾಡನ್ನೇ ಎತ್ತಿಕೊಂಡಳು.

ಮೊದಮೊದಲು ಯಾರೂ ತಿರುಗಲಿಲ್ಲ. ಇಸ್ಪೀಟು ಆಡುತ್ತಿದ್ದವರು ಆಡುತ್ತಲೇ ಇದ್ದರು. ಹಜ್ಜಾ ಮಬ್ರೂಕಾ ಬುಟ್ಟಿ ಎತ್ತಿಕೊಂಡು ಬಂದು ಎದುರಿಗೇ ಕೂತಳು. ನರ್ಸ್ ಬಂದಳು, ಬಡಗಿ ಬಂದ. ಅಷ್ಟರಲ್ಲಿ ಆಚೆ ಗಾಡಿಯ ಬಾನೆಟ್ ಮೇಲೆ ಕೂತಿದ್ದ ಖಮೈಸ್ ಕೂಗಿದ: "ಜೋರಾಗಿ ಹಾಡಮ್ಮಾ! ಇಲ್ಲಿಗೇನೂ ಕೇಳ್ತಿಲ್ಲ!" ಜನ ನಕ್ಕರು. ಸಿವಾರ್ ಬೆರಳು ನಿಂತಿತು. ಮುಗಿಯಿತು, ಈಗ ಎದ್ದು ಓಡುತ್ತಾಳೆ ಎಂದುಕೊಂಡೆ. ಅವಳು ಖಮೈಸನನ್ನು ನೋಡಿದಳು, ಔಷಧಿ ಕೊಡುವಾಗಿನ ಅದೇ ಪಿಸುದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, ಅಂದಳು:

"ಹತ್ರ ಬನ್ನಿ ಮಾಮ. ನಾನು ಕಚ್ಚಲ್ಲ."

ಈಗ ನಗೆ ಅವನ ಮೇಲೆ ತಿರುಗಿತು. "ಹೋಗೋ ಖಮೈಸ್, ಹುಡುಗಿ ಕರೀತಿದಾಳೆ, ಹೆದರ್ಕೊಂಡ್ಯಾ?" ಎಂದು ಚಾಲಕರು ಅವನನ್ನು ಬಾನೆಟ್ಟಿನಿಂದ ಕೆಳಕ್ಕೆ ದಬ್ಬಿದರು. ಅವನು ಎದೆ ಉಬ್ಬಿಸಿಕೊಂಡು ಬಂದು ನಿಂತ, ಸಿಗರೇಟು ತುಟಿಗಿಟ್ಟುಕೊಂಡ. ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.

ಒಂದು ಪದ ಬಿಟ್ಟಳು. ಇನ್ನೊಂದು ಬಿಟ್ಟಳು. ಕೇಳಬೇಕೆಂದರೆ ಹತ್ತಿರ ಬರಲೇಬೇಕು, ಹಾಗಾಗಿ ಜನ ಬಂದರು. ಹಿಂದಿನವರು ಮುಂದಿನವರನ್ನು ಸುಮ್ಮನಿರಿಸಿದರು. ಲಬ್ಲಾಬಿಯವನು ಸೌಟು ಕೆಳಗಿಟ್ಟ. ಎಲ್ಲರೂ ಬಂದರು ಎಂದು ಹೇಳಿದರೆ ಸುಳ್ಳಾದೀತು. ಕೆಲವರು ಆಕಳಿಸಿ ಹೊರಟುಹೋದರು, ಕಾಲೇಜು ಹುಡುಗರು ಅಣಕಿಸಿದರು. ಆದರೆ ಕೊನೆಯ ಸುತ್ತಿನಲ್ಲಿ, ಪದಗಳೆಲ್ಲ ಹೋಗಿ ತಂತಿಯಷ್ಟೇ ಉಳಿದಾಗ, ಸುತ್ತ ನಿಂತವರ ತುಟಿಗಳು ಆಡುತ್ತಿದ್ದದ್ದನ್ನು ನಾನು ನೋಡಿದೆ. ಅವಳು ಬಿಟ್ಟ ಪದಗಳನ್ನು ಅವರು ಹೇಳಿಕೊಳ್ಳುತ್ತಿದ್ದರು.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಜ್ಜಾ ಮಬ್ರೂಕಾ ಮೂಗೊರೆಸಿಕೊಂಡು, "ಇನ್ನೊಂದ್ಸಲ ಹೇಳೇ ಮಗಳೇ, ನನ್ನ ಕಿವಿ ಸ್ವಲ್ಪ ನಿಧಾನ" ಅಂದಳು. ಸಿವಾರ್ ನಕ್ಕು ಮತ್ತೆ ಹಾಡಿದಳು. ಖಮೈಸನ ಸಿಗರೇಟು ಹಚ್ಚದೆ ಹಾಗೇ ಇತ್ತು. ಅವನು ಯಾರ ಮುಖವನ್ನೂ ನೋಡದೆ ಹೋಗಿ, ತನ್ನ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ.

ಡೀಸೆಲ್ ಆವತ್ತು ಬರಲಿಲ್ಲ, ಮಾರನೆಯ ದಿನ ಬಂತು. ಸಿವಾರ್ ನಿಲ್ದಾಣಕ್ಕೆ ಬರಲಿಲ್ಲ. ನಾನೇ ಅಂಗಡಿಗೆ ಹೋಗಿ ತಲೆನೋವಿನ ಮಾತ್ರೆ ಕೇಳಿದೆ. "ಊದ್ ಎಲ್ಲಿ?" ಅಂದೆ. "ಉಣ್ಣೆ ಕೋಣೇಲಿದೆ ಮಾಮ. ಗೆಳತಿಗೆ ಬೇರೆ ಏನಾದ್ರೂ ಕೊಡ್ತೀನಿ" ಅಂದಳು.

ಖಮೈಸ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಬಂದು ಗಾಡಿಯ ಕಿಟಕಿಯಲ್ಲಿ ಮೊಣಕೈ ಊರಿ ನಿಂತ.

"ಭಾವ, ನಿನ್ನ ಸರದಿ ನಿಂಗೇ. ಶೆದ್ಲಿ ಹತ್ರ ಮಾತಾಡಿದೀನಿ. ನಾಳೆಯಿಂದ ನಿನ್ನ ಜಾಗದಲ್ಲಿ ನಿಲ್ಸು."

"ಹಾಡು?"

"ಏನಾದ್ರೂ ಹಾಕ್ಕೊಂಡು ಸಾಯಿ. ಆದ್ರೆ ನನ್ನ ಗಾಡೀಲಿ ನಾನಿದನ್ನ ಹಾಕಲ್ಲಪ್ಪ."

"ಯಾಕೋ?"

"ಹಾಕಿದ್ರೆ ನಂಗೆ ಓಡ್ಸೋಕಾಗಲ್ಲ" ಅಂದ. ಅಂದು, ಹಿಂದಿನ ಗಾಜಿನ ಕಡೆ ಹೋಗಿ ತಾನೇ ಬರೆದದ್ದನ್ನು ಅಂಗೈಯಿಂದ ಒರೆಸಲು ಹೋದ. ನಾನು ಬಿಡಲಿಲ್ಲ. ಈಗ ಅದನ್ನು ಬಣ್ಣದಲ್ಲೇ ಬರೆಸಿದ್ದೇನೆ.

ಇವತ್ತು ಮಧ್ಯಾಹ್ನ ಸಿವಾರ್‌ನ ಅತ್ತೆಯ ಉಣ್ಣೆಕೋಣೆಯಲ್ಲಿ ಮೊದಲ ಕೂಟ ಆಯಿತು. ತಿಂಗಳಿಗೊಂದು ಭಾನುವಾರ ಎಂದು ನಾವೇ ಗೊತ್ತು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ನಾನೇ ಜೆಂದೂಬಾಕ್ಕೆ ಹೋಗಿ ಪೋಸ್ಟ್‌ಮ್ಯಾನ್ ಮುಖ್ತಾರರನ್ನು ಕರೆತಂದೆ. ಸಣ್ಣ ಆಳು, ಇಸ್ತ್ರಿ ಮಾಡಿದ ಕೋಟು, ದಾರಿಯುದ್ದಕ್ಕೂ "ನಿಜವಾಗ್ಲೂ ಜನ ಬರ್ತಾರಾ?" ಎಂದು ಕೇಳುತ್ತಲೇ ಇದ್ದರು. ಬಂದವರು ಎರಡು ಲುವಾಜ್ ತುಂಬುವಷ್ಟು. ಉಣ್ಣೆ ಮೂಟೆಗಳ ಮೇಲೆಯೇ ಕೂತೆವು. ರಹ್ಮಾ ಪೈನ್ ಬೀಜ ಹಾಕಿ ಚಹಾ ಮಾಡಿದಳು. ಮುಖ್ತಾರರು ಕಣ್ಣು ಮುಚ್ಚಿ ಶುರು ಮಾಡಿದವರು ಮುಗಿಸಿದ ಮೇಲೆ ಕಣ್ಣು ಬಿಟ್ಟು, ನಾವಿನ್ನೂ ಅಲ್ಲೇ ಇದ್ದದ್ದನ್ನು ನೋಡಿ ಗಾಬರಿಯಾದರು. ಮುಂದಿನ ತಿಂಗಳ ಭಾನುವಾರಕ್ಕೆ ಗಫ್ಸಾದ ಅಕ್ಕತಂಗಿಯರಿಗೆ ಹೇಳಿ ಕಳಿಸಿದ್ದೇನೆ. ದೂರ ಬಹಳ, ಆದರೆ ನನ್ನ ಕೈಯಲ್ಲಿ ಗಾಡಿ ಇದೆ. ಆ ದಿನ ಟ್ಯೂನಿಸ್ ಕಡೆ ಓಡಿಸುವುದಿಲ್ಲ ಎಂದು ಶೆದ್ಲಿಯವರಿಗೆ ಹೇಳಿಯಾಗಿದೆ. ಯಾರು ಏನೇ ಅನ್ನಲಿ, ಇದನ್ನು ನಾನು ಬಿಡುವುದಿಲ್ಲ.

ಚಳಿ ಶುರುವಾಗಿದೆ, ನೀನಿರುವ ನಾಪೊಲಿಯಲ್ಲಿ ತೇವ ಹೆಚ್ಚಂತೆ. ಎದೆಗೆ ಬೆಚ್ಚಗೆ ಸುತ್ತಿಕೋ. ಊಟ ಬಿಡಬೇಡ. ಆ ಅಜ್ಜಿಯನ್ನು ಎತ್ತುವಾಗ ನಿನ್ನ ಬೆನ್ನು ನೋಡಿಕೋ. ದೇವರು ನಿನ್ನ ದಾರಿಯನ್ನು ಸುಲಭ ಮಾಡಲಿ, ನಿನಗೆ ಎದುರಾಗುವವರೆಲ್ಲ ಒಳ್ಳೆಯ ಜನರೇ ಆಗಲಿ, ನಿನ್ನ ಕಾಲು ಒಂದು ದಿನ ಈ ಹೊಸಿಲಿಗೇ ತಿರುಗಲಿ. ರಹ್ಮಾ ನಿನ್ನ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ.

ನಿನ್ನವನೇ ಆದ,
ತಿಜಾನಿ

ಮ.ಬ.: ಪತ್ರ ಮಡಿಸಿದವನು ಮತ್ತೆ ಬಿಚ್ಚಿದೆ. ರೌಧಾ, ಊರಿಗೆಲ್ಲ ನೀನು ದುಡಿಯಲು ಹೋಗಿದ್ದೀಯ ಎಂದೇ ಹೇಳುತ್ತೇನೆ. ರಜೆಯ ದಿನ ನೀನು ನಮ್ಮ ಗೈತ್‌ನ ಫೋಟೋ ಹಿಡಿದು ಆ ದೇಶದ ರೈಲು ನಿಲ್ದಾಣಗಳಲ್ಲಿ ಅಲೆಯುತ್ತೀಯ ಎಂಬುದು ನನಗೆ ಗೊತ್ತು. ಮಗ ಕಡಲು ದಾಟಿ ಅಲ್ಲಿಗೆ ಬರಲೆಂದು ದೋಣಿ ಹತ್ತಿ ಮೂರು ವರ್ಷವಾಯಿತು. ದಡ ಮುಟ್ಟಿದ ಎಂದು ನೀನು, ಮುಟ್ಟಲಿಲ್ಲ ಎಂದು ನಾನು; ಫೋನಿನಲ್ಲಿ ನಮ್ಮ ಜಗಳವೆಲ್ಲ ಅದೊಂದೇ. ಗಾಡಿಯಲ್ಲಿ ಗದ್ದಲ ಇದ್ದಷ್ಟು ದಿನ ನನಗೆ ಸುಲಭವಿತ್ತು, ಅವನ ನೆನಪು ಅದರಡಿ ಮುಚ್ಚಿಹೋಗುತ್ತಿತ್ತು. ಈ ಹಾಡುಗಳಲ್ಲಿ ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಜಾಗ ಬಹಳ. ಮೊದಲ ದಿನವೇ ಅವನು ಬಂದು ಅಲ್ಲಿ ಕೂತುಬಿಟ್ಟ. ಆರಿಸಿಬಿಡಲು ಕೈ ಹೋಗಿತ್ತು. ಆರಿಸಲಿಲ್ಲ. ಅವತ್ತಿನಿಂದ ದಿನಾ ಟ್ಯೂನಿಸ್‌ವರೆಗೆ ಅವನ ಜೊತೆ ಹೋಗಿ ಬರುತ್ತಿದ್ದೇನೆ.

ಕಳೆದ ಮಂಗಳವಾರ ಜನರನ್ನು ಇಳಿಸಿ, ಇಷ್ಟು ದಿನ ನಾನು ದೂರದಿಂದಲೇ ಬಳಸಿಕೊಂಡು ಹೋಗುತ್ತಿದ್ದ ಆ ಕಚೇರಿಗೆ ಹೋದೆ. ದಕ್ಷಿಣದ ತೀರದಲ್ಲಿ ಹೆಣವಾಗಿ ಸಿಕ್ಕಿ, ಹೆಸರಿಲ್ಲದೆ ಮಣ್ಣಾದವರೊಂದಿಗೆ ಅಲ್ಲಿ ಮನೆಯವರ ಡಿಎನ್‌ಎ ಹೋಲಿಸಿ ನೋಡುತ್ತಾರೆ. ಕೈಗವಸು ಹಾಕಿದ ಹುಡುಗಿಯೊಬ್ಬಳು ಹತ್ತಿ ಸುತ್ತಿದ ಕಡ್ಡಿಯಿಂದ ನನ್ನ ಕೆನ್ನೆಯ ಒಳಗೆ ಒರೆಸಿಕೊಂಡಳು. "ಆಯ್ತು ಮಾಮ, ಬಾಯಿ ಮುಚ್ಚಿ" ಅಂದಳು. ಅಷ್ಟೇ. ತಾಯಿಯದೂ ಇದ್ದರೆ ಇನ್ನೂ ಖಚಿತವಂತೆ. ಇದು ಮಗನನ್ನು ಜೀವಂತ ಹೂಳಿದ ಹಾಗೆ ಎಂದು ನೀನು ಹಿಂದೆ ಕೂಗಿದ್ದೆ. ನಿನ್ನದನ್ನು ಕೊಡು ಎಂದು ನಾನು ಕೇಳುವುದಿಲ್ಲ. ಹುಡುಕುವುದನ್ನು ನಿಲ್ಲಿಸು ಎಂದೂ ಇನ್ನು ಹೇಳುವುದಿಲ್ಲ. ನೀನು ಅಲ್ಲಿ ಬದುಕಿರುವವರ ನಡುವೆ ಹುಡುಕು, ನಾನು ಇಲ್ಲಿ ಈ ಹೆಸರಿಲ್ಲದವರ ನಡುವೆ ಹುಡುಕುತ್ತೇನೆ. ನಮ್ಮಿಬ್ಬರಲ್ಲಿ ಯಾರಿಗೆ ಸಿಕ್ಕಿದರೂ ಇನ್ನೊಬ್ಬರಿಗೆ ಮೆಲ್ಲಗೆ ಹೇಳೋಣ.